ನಾಯಿಯ ಬಾಯಿಗೆ ಬಿದ್ದ ನಮ್ಮ ಮಾತ್ರೆ

ಬೇಸಿಗೆಯ ರಜೆ ಬಂದಿತೆಂದರೆ ಪಟ್ಟಣವಾಸಿಗಳಾದ ನಮ್ಮ ಕುಟುಂಬಗಳು ಹಿರಿಯರ ಊರಿಗೆ ಹೊರಡುವುದು ವಾಡಿಕೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಒಂದು ಸಂಸಾರವು ಸಂತೇಬೆನ್ನೂರಿನ ಹಿರಿಯರ ಮನೆಗೆ ಬಂದಿಳಿಯಿತೆಂದು ವಾಚಕರು ಕಲ್ಪಿಸಿಕೊಳ್ಳಲಿ. ಮಕ್ಕಳು ಕೆಂಗ ಹನುಮಂತಪ್ಪ ನಾಯಕನ ಪುಷ್ಕರಣಿಯನ್ನು ನೋಡಲು ಓಡಿದ್ದಾರೆ, ಗಂಡಸರು ಜಗಲಿಯ ಮೇಲೆ ಅಡಿಕೆಯ ಧಾರಣೆಯನ್ನು ಕುರಿತು ಮಾತನಾಡುತ್ತಿದ್ದಾರೆ, ಹೆಂಗಸರು ಅಡುಗೆಮನೆಯಲ್ಲಿದ್ದಾರೆ. ಪಟ್ಟಣದಿಂದ ಜೊತೆಯಲ್ಲಿ ಬಂದ ಪುಟ್ಟ ನಾಯಿಯು ಮಾತ್ರ ಯಾರ ಕಣ್ಣಿಗೂ ಬೀಳದೆ ನಡುಮನೆಗೆ ಹೋಗಿ, ಅಜ್ಜಿಯ ದಿಂಬಿನ ಮಗ್ಗುಲಲ್ಲಿದ್ದ ಔಷಧದ ಚೀಲವನ್ನು ಕೆಳಕ್ಕೆ ಎಳೆದಿದೆ. ಮನೆಯವರು ನೋಡುವಷ್ಟರಲ್ಲಿ ನೆಲದ ಮೇಲೆ ಉಳಿದಿರುವುದು ಕಚ್ಚಿ ಹರಿದ ಮಾತ್ರೆಯ ಸ್ಟ್ರಿಪ್ ಒಂದೇ.

ಅಂತಹ ಹೊತ್ತಿನಲ್ಲಿ ಮನೆಯೊಳಗೆ ವೈದ್ಯರಿಗೇನೂ ಕೊರತೆಯಿರುವುದಿಲ್ಲ. ಒಬ್ಬರು ಉಪ್ಪುನೀರು ಕುಡಿಸಿ ಕಕ್ಕಿಸಿರೆನ್ನುತ್ತಾರೆ; ಇನ್ನೊಬ್ಬರು ಹಾಲು ಹೊಯ್ಯಿರೆನ್ನುತ್ತಾರೆ; ಮತ್ತೊಬ್ಬರು, “ನಾಯಿಯ ಹೊಟ್ಟೆಯಲ್ಲಿ ಎಲುಬೇ ಕರಗುತ್ತದೆ, ಎರಡು ಗುಳಿಗೆ ಏನು ಮಾಡೀತು?” ಎಂದು ಸಮಾಧಾನ ಹೇಳಿ ಎಲೆಯಡಿಕೆಯ ತಟ್ಟೆಗೆ ಕೈಯಿಕ್ಕುತ್ತಾರೆ. ಮೊದಲನೆಯ ಸಲಹೆ ಅಪಾಯಕರವಾದುದು, ಎರಡನೆಯದು ನಿಷ್ಪ್ರಯೋಜಕವಾದುದು, ಮೂರನೆಯದು ಇವೆರಡಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಅದು ನಾಯಿಗೆ ಉಳಿದಿರುವ ಅಮೂಲ್ಯವಾದ ಒಂದು ಗಂಟೆಯನ್ನು ಕಸಿದುಕೊಳ್ಳುತ್ತದೆ. ಆ ಒಂದು ಗಂಟೆಯಲ್ಲಿ ಬೇಕಾದುದು ಮನೆಮದ್ದಲ್ಲ, ಲೆಕ್ಕ: ಯಾವ ಮಾತ್ರೆ, ಎಷ್ಟು ಮಾತ್ರೆ, ಎಷ್ಟು ಹೊತ್ತಿನ ಕೆಳಗೆ, ಎಷ್ಟು ತೂಕದ ನಾಯಿ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹಿಡಿದುಕೊಂಡು ಬೇಗನೆ ಪಶುವೈದ್ಯರನ್ನು ಮುಟ್ಟುವ ಮನೆಯವರ ನಾಯಿ ಬಹುಮಟ್ಟಿಗೆ ಬದುಕುತ್ತದೆ.

ನಾಯಿ ಎಂದರೆ ಸಣ್ಣ ಮನುಷ್ಯನಲ್ಲ

ಮೊದಲು ಒಂದು ಸರಳವಾದ ಗಣಿತವನ್ನು ನೋಡೋಣ. 60 ಕಿಲೋಗ್ರಾಂ ತೂಗುವ ಮನುಷ್ಯನು ಜ್ವರಕ್ಕೆಂದು 650 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆಯನ್ನು ನುಂಗಿದರೆ, ಅವನ ದೇಹದ ಪ್ರತಿ ಕಿಲೋಗ್ರಾಮಿಗೆ ಸುಮಾರು 11 ಮಿಲಿಗ್ರಾಂ ಔಷಧ ಸಂದಂತಾಯಿತು. ಕೋವಿಡ್ ಕಾಲದಲ್ಲಿ ಮನೆಮಾತಾದ, ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೋ 650 ಇದೇ ಔಷಧವೆಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ಒಂದು ಮಾತ್ರೆಯನ್ನು 5 ಕಿಲೋಗ್ರಾಂ ತೂಕದ ಪಾಮೇರಿಯನ್ ನಾಯಿ ನುಂಗಿದರೆ, ಪ್ರತಿ ಕಿಲೋಗ್ರಾಮಿಗೆ 130 ಮಿಲಿಗ್ರಾಂ ಸಂದಂತಾಯಿತು. ನಾಯಿಗಳಲ್ಲಿ ಈ ಪ್ರಮಾಣವು 75ರಿಂದ 100 ಮಿಲಿಗ್ರಾಂ ಮುಟ್ಟಿದೊಡನೆ ಪಶುವೈದ್ಯರು ಅದನ್ನು ವಿಷಪ್ರಾಶನವೆಂದೇ ಎಣಿಸುತ್ತಾರೆ. ನಮಗೆ ಜ್ವರ ಇಳಿಸುವ ಒಂದೇ ಒಂದು ಮಾತ್ರೆ ಆ ಪುಟ್ಟ ಪ್ರಾಣಿಯ ಯಕೃತ್ತಿಗೆ ಮುಳುವಾಗಬಲ್ಲದು.

ತೂಕವೊಂದೇ ಕಾರಣವಾಗಿದ್ದರೆ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಟ್ಟು ತೃಪ್ತರಾಗಬಹುದಾಗಿತ್ತು. ಆದರೆ ನಾಯಿಯ ದೇಹದೊಳಗಿನ ರಸಾಯನ ವ್ಯಾಪಾರವೇ ನಮ್ಮದಕ್ಕಿಂತ ಬೇರೆ. ಹೊಟ್ಟೆಗೆ ಸೇರಿದ ಔಷಧವನ್ನು ಮುರಿದು, ಮಾರ್ಪಡಿಸಿ, ಹೊರಕ್ಕೆ ಹಾಕುವ ಕಾರ್ಯದಲ್ಲಿ ಮನುಷ್ಯನ ಯಕೃತ್ತಿಗೆ ಹಲವು ಸಾಧನಗಳಿವೆ. ಅವುಗಳಲ್ಲಿ ಅಸಿಟೈಲೀಕರಣವೆಂಬ ಒಂದು ಸಾಧನವು ನಾಯಿಗಳಿಗೆ ಹುಟ್ಟಿನಿಂದಲೇ ಇಲ್ಲ. ಬೆಕ್ಕುಗಳಿಗಾದರೋ ಗ್ಲುಕುರಾನೀಕರಣವೆಂಬ ಮತ್ತೊಂದು ಸಾಧನವು ತೀರ ದುರ್ಬಲ. ಆದುದರಿಂದಲೇ ಬೆಕ್ಕಿಗೆ ಪ್ಯಾರಾಸಿಟಮಾಲಿನ ಒಂದು ತುಂಡೂ ಪ್ರಾಣಾಂತಕವಾಗಬಹುದು. ಬೆಕ್ಕಿರುವ ಮನೆಯವರು ಇದನ್ನು ಎಂದಿಗೂ ಮರೆಯಬಾರದು.

ಒಂದು ಜೀವಿಗೆ ಹಿತವಾದ ಔಷಧ ಮತ್ತೊಂದಕ್ಕೆ ಮೃತ್ಯುವಾದ ದೊಡ್ಡ ಕಥೆಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. ನೋವು ಕಳೆಯುವ ಡೈಕ್ಲೋಫೆನಾಕ್ ಎಂಬ ಔಷಧವನ್ನು ದನಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಕಾಲವೊಂದಿತ್ತು. ಹಾಗೆ ಔಷಧ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾವಿರಗಟ್ಟಲೆ ಸತ್ತವು. ಕಾರಣವು 2004ರಲ್ಲಿ ಬೆಳಕಿಗೆ ಬಂದಿತು. 2006ರಲ್ಲಿ ಭಾರತ ಸರ್ಕಾರವು ಪಶುಗಳಿಗೆ ಆ ಔಷಧದ ಬಳಕೆಯನ್ನು ನಿಷೇಧಿಸಿತು. ಆದರೂ ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳನ್ನೇ ಕೊಂಡು ದನಗಳಿಗೆ ಚುಚ್ಚುವುದು ನಿಲ್ಲದಿದ್ದುದರಿಂದ, 2015ರಲ್ಲಿ ಮನುಷ್ಯರ ಚುಚ್ಚುಮದ್ದಿನ ಸೀಸೆಯನ್ನೂ 3 ಮಿಲಿಲೀಟರಿನ ಒಂದೇ ಸರದಿಯ ಅಳತೆಗೆ ಇಳಿಸಬೇಕಾಯಿತು. ಉಳಿದ ಹದ್ದುಗಳ ರಕ್ಷಣೆಗಾಗಿ ನಮ್ಮ ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಮಂಡಿನೋವಿಗೆಂದು ನಾವು ನುಂಗುವ ಆ ಡೈಕ್ಲೋಫೆನಾಕ್ ನಾಯಿಗೂ ಹಿತವಲ್ಲ; ಅದರ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸುವ ಶಕ್ತಿ ಅದಕ್ಕುಂಟು.

ಯಾವ ಮಾತ್ರೆಯಿಂದ ಯಾವ ಕೇಡು

ಮನೆಯ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡುವುದು ಲೇಸು. ಪ್ಯಾರಾಸಿಟಮಾಲ್ ಅತಿಯಾದಾಗ ನಾಯಿ ಮಂಕಾಗುತ್ತದೆ, ಕಕ್ಕುತ್ತದೆ, ಮುಖವೂ ಪಾದಗಳೂ ಊದಿಕೊಳ್ಳಬಹುದು. ರಕ್ತವು ಪ್ರಾಣವಾಯುವನ್ನು ಹೊರಲಾರದಂತಾಗಿ ಗುಲಾಬಿ ಬಣ್ಣದ ವಸಡು ಕಂದುಬಣ್ಣಕ್ಕೆ ತಿರುಗಬಹುದು. ಯಕೃತ್ತಿನ ಹಾನಿಯು ಒಂದೆರಡು ದಿನಗಳ ಮೇಲೆ ಕಾಮಾಲೆಯಾಗಿ ತೋರುವುದೂ ಉಂಟು. ಐಬುಪ್ರೊಫೇನ್ ಮೊದಲಾದ ನೋವಿನ ಮಾತ್ರೆಗಳು ಜಠರವನ್ನು ಕೊರೆಯುತ್ತವೆ; ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ಬಳಿಕ ಮೂತ್ರಪಿಂಡದ ವೈಫಲ್ಯ, ಇದು ಅವುಗಳ ದಾರಿ. 5 ಕಿಲೋಗ್ರಾಂನ ನಾಯಿಗೆ 400 ಮಿಲಿಗ್ರಾಂನ ಒಂದು ಮಾತ್ರೆಯೇ ಅಪಾಯಕ್ಕೆ ಸಾಕು. ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಕೂಡಿಸಿದ ಮಾತ್ರೆಗಳು ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವುದರಿಂದ ಸ್ಟ್ರಿಪ್ಪಿನ ಮೇಲಿನ ಹೆಸರುಗಳನ್ನೆಲ್ಲ ಓದಬೇಕು. ಒಂದನ್ನು ಓದಿ ಬಿಡಬಾರದು.

ಹಿರಿಯರಿರುವ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದೇ ಇರುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಹೆಚ್ಚಾಗಿ ಹೊಟ್ಟೆಯ ತೊಂದರೆಯಷ್ಟರಲ್ಲಿ ಮುಗಿಯಬಹುದು. ಆದರೆ ಅದರ ಜೊತೆಯಲ್ಲಿ ಗ್ಲಿಮೆಪಿರೈಡ್ ಕೂಡಿದ್ದರೆ ರಕ್ತದ ಸಕ್ಕರೆ ಪಾತಾಳಕ್ಕಿಳಿದು, ನಾಯಿ ತೂರಾಡಿ, ನಡುಗಿ, ಕೊನೆಗೆ ಸೆಳವು ಬಂದು ಬೀಳುತ್ತದೆ. ರಕ್ತದೊತ್ತಡದ ಅಮ್ಲೋಡಿಪಿನ್, ಅಟೆನೊಲಾಲ್ ಮುಂತಾದವು ಹೃದಯದ ಬಡಿತವನ್ನೂ ರಕ್ತದ ಒತ್ತಡವನ್ನೂ ಕುಸಿಯುವಂತೆ ಮಾಡುತ್ತವೆ. ಇವುಗಳ ಪರಿಣಾಮವು ಕೆಲವು ಗಂಟೆಗಳ ತರುವಾಯ ಕಾಣಿಸಿಕೊಳ್ಳಬಹುದು. “ಈಗತಾನೆ ಚೆಂಡು ಹಿಡಿದು ಆಡುತ್ತಿದೆಯಲ್ಲಾ” ಎಂಬ ಸಮಾಧಾನಕ್ಕೆ ಯಾವ ಬೆಲೆಯೂ ಇಲ್ಲ.

ಔಷಧವೆಂದೇ ನಾವು ಎಣಿಸದ ಕೆಲವು ವಸ್ತುಗಳೂ ಉಂಟು. ವಾರಕ್ಕೊಂದರಂತೆ ತೆಗೆದುಕೊಳ್ಳುವ 60,000 ಯೂನಿಟ್ಟಿನ ವಿಟಮಿನ್ ಡಿ ಇಂದು ಮಧ್ಯಮವರ್ಗದ ಮನೆಗಳಲ್ಲಿ ಸರ್ವಸಾಮಾನ್ಯ. ಅದರ ಒಂದು ಕ್ಯಾಪ್ಸೂಲಿನಲ್ಲಿ 1,500 ಮೈಕ್ರೋಗ್ರಾಂ ಇರುತ್ತದೆ. 5 ಕಿಲೋಗ್ರಾಂನ ನಾಯಿಗೆ ಅದೊಂದೇ ಪ್ರತಿ ಕಿಲೋಗ್ರಾಮಿಗೆ 300 ಮೈಕ್ರೋಗ್ರಾಂ ಆಯಿತು. 100 ಮೈಕ್ರೋಗ್ರಾಂ ದಾಟಿದರೇ ವೈದ್ಯರು ರಕ್ತದ ಸುಣ್ಣದಂಶವನ್ನು ಪರೀಕ್ಷಿಸಬೇಕೆನ್ನುತ್ತಾರೆ. ಇದರ ಲಕ್ಷಣಗಳಾದ ಅತಿ ದಾಹ, ಅತಿ ಮೂತ್ರ, ವಾಂತಿಗಳು ಒಂದೆರಡು ದಿನ ತಡವಾಗಿ ಬರುತ್ತವೆ. ಅಷ್ಟರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು. ಬಸುರಿಯರಿಗೆ ಸರ್ಕಾರದ ವತಿಯಿಂದ ಹಂಚುವ ಕೆಂಪು ಬಣ್ಣದ ಕಬ್ಬಿಣದ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅಂತಹ ಐದು ಮಾತ್ರೆಗಳು 5 ಕಿಲೋಗ್ರಾಂನ ನಾಯಿಗೆ ಗಂಡಾಂತರಕಾರಿ. ಉಬ್ಬಸದವರು ಬಾಯಲ್ಲಿಟ್ಟು ಎಳೆಯುವ ಇನ್‌ಹೇಲರನ್ನು ನಾಯಿ ಕಚ್ಚಿ ಒಡೆದರೆ, ಒಳಗಿನ ಔಷಧವೆಲ್ಲ ಒಮ್ಮೆಗೇ ಬಾಯಿಗೆ ಹೊಕ್ಕು ಹೃದಯವು ನಾಗಾಲೋಟ ಹೂಡುತ್ತದೆ. ಸಕ್ಕರೆಯ ಬದಲಿಗೆ ಬಳಸುವ ಕ್ಸೈಲಿಟಾಲ್ ಎಂಬ ಸಿಹಿಯು ನಮಗೆ ನಿರಪಾಯವಾದರೂ ನಾಯಿಗೆ ವಿಷ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಕ್ಷಯರೋಗದ ಮಾತ್ರೆಗಳ ವಿಷಯದಲ್ಲಿ. ಅವುಗಳಲ್ಲಿರುವ ಐಸೋನಿಯಾಜಿಡ್ ಎಂಬ ಔಷಧವನ್ನು ನಿವಾರಿಸಿಕೊಳ್ಳಲು ಬೇಕಾದ ಸಾಧನವೇ ಹಿಂದೆ ಹೇಳಿದ ಅಸಿಟೈಲೀಕರಣ, ಅದೇ ನಾಯಿಗಿಲ್ಲ. ಸರ್ಕಾರವು ಉಚಿತವಾಗಿ ಕೊಡುವ, ನಾಲ್ಕು ಔಷಧಗಳು ಕೂಡಿದ ಒಂದು ಮಾತ್ರೆಯಲ್ಲಿ 75 ಮಿಲಿಗ್ರಾಂ ಐಸೋನಿಯಾಜಿಡ್ ಇರುತ್ತದೆ. ಸಣ್ಣ ನಾಯಿಯೊಂದು ಅಂತಹ ನಾಲ್ಕು ಮಾತ್ರೆ ನುಂಗಿದರೆ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಸೆಳವು ಆರಂಭವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆದರೆ ಇದಕ್ಕೆ ಪ್ರತಿಮದ್ದೂ ಉಂಟು: ಪಿರಿಡಾಕ್ಸಿನ್, ಎಂದರೆ ಬಿ6 ಜೀವಸತ್ವದ ಚುಚ್ಚುಮದ್ದು. ನುಂಗಿದ್ದು ಯಾವುದೆಂದು ವೈದ್ಯರಿಗೆ ತಿಳಿದರೆ ಮಾತ್ರ ಅವರು ಅದನ್ನು ಚುಚ್ಚಿಯಾರು. ಹರಿದ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆಯದೆ ಜೋಪಾನ ಮಾಡಬೇಕೆಂಬುದರ ಅರ್ಥ ಇದೇ.

ಮೊದಲ ಹತ್ತು ನಿಮಿಷದ ಕೆಲಸ

ಗಾಬರಿಗೆ ಮದ್ದು ಕ್ರಮ. ಮೊದಲನೆಯದಾಗಿ ನಾಯಿಯನ್ನು ಆ ಸ್ಥಳದಿಂದ ಬೇರೆ ಕೋಣೆಗೆ ಒಯ್ದು, ಬಾಯಲ್ಲಿ ಇನ್ನೂ ಮಾತ್ರೆಯೇನಾದರೂ ಉಳಿದಿದ್ದರೆ ಮೆಲ್ಲಗೆ ತೆಗೆಯಬೇಕು. ಹೆದರಿದ ನಾಯಿ ಒಡೆಯನನ್ನೂ ಕಚ್ಚುವುದುಂಟು. ಸೆಳವು ಬಂದಿರುವಾಗಲಂತೂ ಬಾಯಿಯ ಹತ್ತಿರ ಕೈ ಒಯ್ಯಲೇಕೂಡದು. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು, ರೇಬಿಸ್ ಲಸಿಕೆಯ ವಿಷಯದಲ್ಲಿ ಆಸ್ಪತ್ರೆಯ ಸಲಹೆಯನ್ನು ಅದೇ ದಿನ ಪಡೆಯಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ ಎರಡೂ ನುಂಗಿರಬಹುದೆಂದೇ ತಿಳಿಯತಕ್ಕದ್ದು.

ಎರಡನೆಯದು ಎಣಿಕೆ. ಸ್ಟ್ರಿಪ್ಪಿನಲ್ಲಿ ಒಟ್ಟು ಎಷ್ಟು ಮನೆಗಳಿದ್ದವು, ಮನೆಯವರು ಇದುವರೆಗೆ ತೆಗೆದುಕೊಂಡಿದ್ದು ಎಷ್ಟು, ಮಂಚದ ಕೆಳಗೆ ಉರುಳಿಹೋದದ್ದು ಎಷ್ಟು ಎಂಬುದನ್ನು ಹುಡುಕಿ ಲೆಕ್ಕಹಾಕಬೇಕು. ಸಂದೇಹವಿದ್ದಲ್ಲಿ ಹೆಚ್ಚಿನ ಸಂಖ್ಯೆಯನ್ನೇ ಹಿಡಿಯಬೇಕು. ಮಾತ್ರೆಯ ಹೆಸರು, ಅದರ ಕೆಳಗೆ ಅಚ್ಚಾಗಿರುವ ಮಿಲಿಗ್ರಾಂ, ನಿಧಾನವಾಗಿ ಕರಗುವ ಜಾತಿಯದೋ ಅಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಹೆಸರಿನ ಮುಂದೆ ಎಸ್‌ಆರ್, ಇಆರ್ ಎಂಬ ಅಕ್ಷರಗಳಿದ್ದರೆ ಔಷಧವು ಹೊಟ್ಟೆಯಲ್ಲಿ ಗಂಟೆಗಟ್ಟಲೆ ಇಳಿಯುತ್ತಿರುತ್ತದೆಂದು ಅರ್ಥ. ಕಾಗದದ ಬದಲಿಗೆ ಮೊಬೈಲಿನಲ್ಲಿ ಸ್ಟ್ರಿಪ್ಪಿನ ಎರಡೂ ಬದಿಗಳ ಚಿತ್ರ ತೆಗೆದು ವೈದ್ಯರಿಗೆ ಕಳುಹಿಸಿದರೆ ಇನ್ನೂ ಉತ್ತಮ.

ಮೂರನೆಯದು ತೂಕ. ಮೈತೂಕದ ಯಂತ್ರದ ಮೇಲೆ ನೀವು ನಾಯಿಯನ್ನು ಎತ್ತಿಕೊಂಡು ಒಮ್ಮೆ, ನೀವೊಬ್ಬರೇ ಒಮ್ಮೆ ನಿಂತು ಕಳೆದರೆ ಲೆಕ್ಕ ಮುಗಿಯಿತು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ತೂಗುವ ತಕ್ಕಡಿಗೆ ಬರವಿಲ್ಲ, ಅದೂ ಆದೀತು. ಆದರೆ ತೂಕ ಸಿಕ್ಕದೆಂದು ಹೊತ್ತು ಕಳೆಯಬಾರದು. ಅಂದಾಜು ಹೇಳಿದರೂ ಸಾಕು.

ನಾಲ್ಕನೆಯದು ದೂರವಾಣಿ. ಈ ಚೀಟಿಯನ್ನು ಕೈಯಲ್ಲಿ ಹಿಡಿದು ಪಶುವೈದ್ಯರಿಗೆ ಕರೆ ಮಾಡಿ, “ಇಷ್ಟು ತೂಕದ ನಾಯಿ, ಇಂಥ ಮಾತ್ರೆ, ಇಷ್ಟು ಸಂಖ್ಯೆ, ಇಷ್ಟು ಹೊತ್ತಾಯಿತು” ಎಂದು ಒಂದೇ ಉಸಿರಿಗೆ ಹೇಳಬೇಕು. ನಾಯಿಗೆ ಮೊದಲೇ ಇರುವ ಕಾಯಿಲೆ, ಬಸಿರು, ಈಗ ಕೊಡುತ್ತಿರುವ ಇತರ ಔಷಧಗಳಿದ್ದರೆ ಅವನ್ನೂ ತಿಳಿಸಬೇಕು. ನಾಚಿಕೆಯಿಂದಲೋ ಹಿರಿಯರು ಗದರಿಸಿಯಾರೆಂಬ ಭಯದಿಂದಲೋ ಸತ್ಯವನ್ನು ಮುಚ್ಚಿಡುವ ಮಕ್ಕಳನ್ನು ಮೊದಲು ಸಮಾಧಾನ ಮಾಡಿ ಕೇಳಬೇಕು. “ಯಾರ ತಪ್ಪು?” ಎಂಬ ಪ್ರಶ್ನೆಯನ್ನು ನಾಯಿ ಗುಣವಾದ ಮೇಲೆ ಎತ್ತಿದರೂ ನಡೆದೀತು.

ಸರ್ವಥಾ ಕೂಡದ ಕೆಲಸಗಳು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಉಪಾಯ. ಅದು ನಾಯಿಯ ರಕ್ತದಲ್ಲಿ ಉಪ್ಪಿನಂಶವನ್ನು ಏರಿಸಿ, ಮಿದುಳನ್ನು ಘಾಸಿಗೊಳಿಸಿ, ಮಾತ್ರೆಗಿಂತ ಮೊದಲೇ ತಾನೇ ಕೊಲ್ಲಬಲ್ಲದು. ಗಂಟಲಿಗೆ ಬೆರಳು ಹಾಕುವುದರಿಂದ ಗಾಯವಾದೀತೇ ಹೊರತು ಮಾತ್ರೆ ಹೊರಬರಲಾರದು. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಕುಡಿಸಿರೆಂಬ ಸಲಹೆಯು ಹೊರದೇಶಗಳಿಂದ ಬಂದು ಕಿವಿಗೆ ಬೀಳುತ್ತಿರುತ್ತದೆ. ಅಲ್ಲಿಯೂ ಅದು ವೈದ್ಯರ ಅಪ್ಪಣೆ ಮತ್ತು ಅಳತೆಯ ಮೇರೆಗೆ ಮಾತ್ರ ಆಗುವ ಕೆಲಸ. ಅಳತೆ ತಪ್ಪಿದರೆ ಅನ್ನನಾಳವೂ ಜಠರವೂ ಸುಟ್ಟುಹೋದಾವು.

ಇದಲ್ಲದೆ, ವಾಂತಿ ಎಲ್ಲ ಸಂದರ್ಭಗಳಲ್ಲಿಯೂ ಹಿತವಲ್ಲ. ಮಂಪರು ಹಿಡಿದ, ತೂರಾಡುವ, ಸೆಳವು ಬಂದ ನಾಯಿಗೆ ವಾಂತಿ ಮಾಡಿಸಹೋದರೆ, ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಗಂಡಾಂತರ ತರುತ್ತದೆ. ಮೂತಿ ಚಪ್ಪಟೆಯಾದ ಪಗ್ ಮೊದಲಾದ ತಳಿಗಳಲ್ಲಿ ಈ ಭಯ ಹೆಚ್ಚು. ನುಂಗಿ ಎರಡು ಗಂಟೆ ಕಳೆದ ಮೇಲೆ ಔಷಧವು ಬಹುಮಟ್ಟಿಗೆ ಮುಂದಕ್ಕೆ ಸಾಗಿರುವುದರಿಂದ ವಾಂತಿಯಿಂದ ಬರುವ ಲಾಭವೂ ಅಲ್ಪ.

ಹಾಲು, ತುಪ್ಪ, ಕೊಬ್ಬರಿ ಎಣ್ಣೆ, ಮೊಟ್ಟೆಗಳು ಮಾತ್ರೆಗೆ ಪ್ರತಿಮದ್ದಲ್ಲ. ಎಣ್ಣೆಯನ್ನು ಬಲವಂತವಾಗಿ ಹೊಯ್ದರೆ ಅದೂ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಆಸ್ಪತ್ರೆಯಲ್ಲಿ ಇದ್ದಿಲು ಕೊಡುತ್ತಾರೆಂದು ಕೇಳಿ ಒಲೆಯ ಇದ್ದಿಲನ್ನು ಅರೆದು ಕುಡಿಸುವವರಿದ್ದಾರೆ. ವೈದ್ಯರು ಕೊಡುವುದು ವಿಶೇಷ ವಿಧಾನದಿಂದ ತಯಾರಾದ, ವಿಷವನ್ನು ಹೀರಿಕೊಳ್ಳುವ ಸಂಸ್ಕರಿಸಿದ ಇದ್ದಿಲು. ಒಲೆಯ ಕೆಂಡಕ್ಕೂ ಅದಕ್ಕೂ ಹೆಸರಿನಲ್ಲಷ್ಟೇ ಸಾಮ್ಯ. ಸಂಸ್ಕರಿಸಿದ ಇದ್ದಿಲು ಸಹ ಕಬ್ಬಿಣದ ಮಾತ್ರೆಯನ್ನು ಹಿಡಿಯಲಾರದು.

ಒಂದು ವಿನಾಯಿತಿಯನ್ನು ಮಾತ್ರ ಇಲ್ಲಿ ಹೇಳಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ನಾಯಿ ನಡುಗುತ್ತ ನಿತ್ರಾಣವಾಗುತ್ತಿದ್ದರೆ, ವೈದ್ಯರ ಸಲಹೆಯಂತೆ ಸ್ವಲ್ಪ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ವಸಡಿಗೆ ಸವರುತ್ತ ಆಸ್ಪತ್ರೆಗೆ ಸಾಗಿಸಬಹುದು. ಇದು ದಾರಿಯ ಬುತ್ತಿಯೇ ಹೊರತು ಚಿಕಿತ್ಸೆಯಲ್ಲ. ಆ ಮಾತ್ರೆಯ ಪ್ರಭಾವ ಒಂದು ದಿನವನ್ನೂ ಮೀರಬಹುದಾದುದರಿಂದ ನಾಯಿ ಚೇತರಿಸಿಕೊಂಡಂತೆ ಕಂಡರೂ ಪ್ರಯಾಣವನ್ನು ನಿಲ್ಲಿಸಬಾರದು.

ಎಲ್ಲಿಗೆ ಹೋಗುವುದು, ಅಲ್ಲಿ ಆಗುವುದೇನು

ಸಂತೇಬೆನ್ನೂರು ಹೋಬಳಿಯ ಕೇಂದ್ರ. ಒಂದು ಕಡೆ ತಾಲ್ಲೂಕಿನ ಮುಖ್ಯ ಪಟ್ಟಣ ಚನ್ನಗಿರಿ, ಇನ್ನೊಂದು ಕಡೆ 1997ರಲ್ಲಿ ಜಿಲ್ಲಾ ಕೇಂದ್ರವಾದ ದಾವಣಗೆರೆ. ಇನ್ನೂ ದೂರದಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಂಗಳೂರಿನವರಿಗೆ 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಮಹಾವಿದ್ಯಾಲಯವೂ ಅನೇಕ ಖಾಸಗಿ ಚಿಕಿತ್ಸಾಲಯಗಳೂ ಕೈಗೆಟಕುವಂತಿವೆ. ಊರಿನಲ್ಲಿರುವವರಿಗೆ ಆ ಸೌಕರ್ಯವಿಲ್ಲ. ನಮ್ಮ ಹಳ್ಳಿಗಾಡಿನ ಪಶುಚಿಕಿತ್ಸಾಲಯಗಳು ಮುಖ್ಯವಾಗಿ ದನಕರು, ಕುರಿಮೇಕೆಗಳ ಸೇವೆಗಾಗಿ ಇರುವುವಾದರೂ ಅಲ್ಲಿಯ ವೈದ್ಯರು ನಾಯಿಯ ಚಿಕಿತ್ಸೆಯನ್ನೂ ಬಲ್ಲವರು. ಆದುದರಿಂದ ಹತ್ತಿರದವರಿಗೆ ಮೊದಲು ಕರೆ ಮಾಡಿ, ಅವರು ಅಲ್ಲಿಯೇ ನೋಡುವರೋ ದೊಡ್ಡ ಆಸ್ಪತ್ರೆಗೆ ಕಳುಹಿಸುವರೋ ಕೇಳಿ ಹೊರಡುವುದು ಯುಕ್ತ. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಗಳಿಗಾಗಿ 1962 ಎಂಬ ಶುಲ್ಕರಹಿತ ಸಂಖ್ಯೆ ಇದೆ. ಅದು ಪ್ರಧಾನವಾಗಿ ರೈತರ ಜಾನುವಾರುಗಳಿಗಾಗಿ ಏರ್ಪಟ್ಟುದರಿಂದ ಅದೊಂದನ್ನೇ ನೆಚ್ಚಿ ಕುಳಿತಿರಬಾರದು.

ಊರಿಗೆ ಹೊರಡುವ ಮುನ್ನವೇ, ಆ ಊರಿನ ಹಾಗೂ ಹತ್ತಿರದ ಪಟ್ಟಣದ ಪಶುವೈದ್ಯರ ಸಂಖ್ಯೆಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳುವುದು ನಾಯಿಯೊಡನೆ ಪ್ರಯಾಣ ಮಾಡುವ ಪ್ರತಿಯೊಂದು ಕುಟುಂಬದ ಕರ್ತವ್ಯ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಆಸ್ಪತ್ರೆಯಲ್ಲಿ ವೈದ್ಯರು ಮಾಡುವುದೇನೆಂಬುದು ಮೊದಲೇ ತಿಳಿದಿದ್ದರೆ ಮನಸ್ಸಿಗೆ ಧೈರ್ಯ. ಹೊತ್ತು ಮೀರಿಲ್ಲದಿದ್ದರೆ, ನಾಯಿಗೆ ಎಚ್ಚರವಿದ್ದರೆ, ಅಳತೆಯ ಔಷಧದಿಂದ ವಾಂತಿ ಮಾಡಿಸುವರು. ಬಳಿಕ ಅಗತ್ಯವಿದ್ದಲ್ಲಿ ಸಂಸ್ಕರಿಸಿದ ಇದ್ದಿಲು. ಮೂತ್ರಪಿಂಡಗಳನ್ನು ಕಾಪಾಡಲು ರಕ್ತನಾಳದ ಮೂಲಕ ದ್ರವ. ಜಠರದ ರಕ್ಷಣೆಗೆ ಔಷಧ. ಪ್ಯಾರಾಸಿಟಮಾಲಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದಿದೆ. ಮನುಷ್ಯರಿಗೂ ಇದನ್ನೇ ಕೊಡುವುದು. ದಾರಿಯಲ್ಲಿ ನಾಯಿ ಕಕ್ಕಿದರೆ ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತೆಗೆದುಕೊಂಡು ಹೋಗಬೇಕು. ಎಷ್ಟು ಮಾತ್ರೆ ಹೊರಬಿತ್ತೆಂಬುದಕ್ಕೆ ಅದೇ ಸಾಕ್ಷಿ. ಮಾತ್ರೆಯೊಡನೆ ಹೊಟ್ಟೆ ಸೇರಿದ ತಗಡಿನ ಚೂರುಗಳು ಕರುಳನ್ನು ಗೀರುವುದುಂಟೆಂಬುದನ್ನೂ ವೈದ್ಯರ ಗಮನಕ್ಕೆ ತರಬೇಕು. ಮನೆಗೆ ಮರಳಿದ ಮೇಲೆ ಮೂರು ದಿನ ಊಟ, ನೀರು, ಮೂತ್ರ, ಮಲ, ವಸಡಿನ ಬಣ್ಣ ಇವುಗಳ ಮೇಲೆ ಕಣ್ಣಿಟ್ಟು, ವೈದ್ಯರು ಹೇಳಿದ ದಿನ ರಕ್ತಪರೀಕ್ಷೆಗೆ ಮತ್ತೆ ಹೋಗುವುದನ್ನು ತಪ್ಪಿಸಬಾರದು.

ನಾವೇ ಕೈಯಾರೆ ಕೊಡುವ ಮಾತ್ರೆ

ಇಷ್ಟು ಹೊತ್ತು ಹೇಳಿದ್ದು ನಾಯಿ ಕದ್ದು ತಿಂದ ಮಾತ್ರೆಯ ವಿಚಾರ. ಪ್ರೀತಿಯಿಂದ ನಾವೇ ಮೊಸರನ್ನದಲ್ಲಿ ಕಲಸಿ ಕೊಡುವ ಮಾತ್ರೆಯು ಅದಕ್ಕಿಂತ ಕಡಿಮೆ ಅಪಾಯದ್ದಲ್ಲ. ನಾಯಿ ಕುಂಟಿತೆಂದರೆ ನೋವಿನ ಮಾತ್ರೆ ಅರ್ಧ. ಮೈ ಬಿಸಿಯಾಯಿತೆಂದರೆ ಜ್ವರದ ಮಾತ್ರೆ ಅರ್ಧ. ಬೇಕಾದರೆ ಮೂಲೆಯ ಔಷಧದಂಗಡಿಯಲ್ಲಿ ಒಂದು ಮಾತು ಕೇಳಿದರಾಯಿತು. ಹೀಗೆ ಮಾಡುವ ಸಜ್ಜನರ ಸಂಖ್ಯೆ ಸಣ್ಣದಲ್ಲ. ನಾಯಿಯ ಸಹಜವಾದ ಮೈಶಾಖವೇ ನಮ್ಮದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. 101, 102 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಆರೋಗ್ಯದ ಲಕ್ಷಣ. ಅಂಗೈಯಿಂದ ಮುಟ್ಟಿ ನೋಡಿ ಜ್ವರವೆಂದು ನಿರ್ಣಯಿಸಿ ಕೊಟ್ಟ ಮಾತ್ರೆ, ಇಲ್ಲದ ರೋಗಕ್ಕೆ ಕೊಟ್ಟ ವಿಷವಾದೀತು.

ಪಶುವೈದ್ಯರೂ ಕೆಲವೊಮ್ಮೆ ಮನುಷ್ಯರ ಅಂಗಡಿಯಲ್ಲಿ ಸಿಕ್ಕುವ ಔಷಧವನ್ನೇ ಬರೆದುಕೊಡುವುದುಂಟಲ್ಲವೆ ಎಂದು ವಾಚಕರು ಕೇಳಬಹುದು. ಉಂಟು. ಆದರೆ ಅವರು ಔಷಧವನ್ನು ಆರಿಸಿ, ನಾಯಿಯ ತೂಕಕ್ಕೆ ಗುಣಿಸಿ, ಎಷ್ಟು ದಿನವೆಂದು ಗೊತ್ತುಮಾಡಿ ಬರೆಯುತ್ತಾರೆ. ಅದೇ ಚೀಟಿಯನ್ನು ಮುಂದಿನ ವರ್ಷ ಇನ್ನೊಂದು ನಾಯಿಗೆ ಬಳಸುವುದು ಚಿಕಿತ್ಸೆಯಲ್ಲ, ಜೂಜು.

1945ರ ಔಷಧ ನಿಯಮಗಳ ಪ್ರಕಾರ ಪಶುಗಳಿಗಾಗಿ ತಯಾರಾದ ಔಷಧದ ಮೇಲೆ, ಅದು ಮನುಷ್ಯರ ಉಪಯೋಗಕ್ಕಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂದು ಸ್ಪಷ್ಟವಾಗಿ ಅಚ್ಚುಹಾಕಬೇಕು. ಸಾಕುಪ್ರಾಣಿಯ ತಲೆಯ ಚಿತ್ರವನ್ನೂ ಮುದ್ರಿಸಬೇಕು. ಓದಬಲ್ಲ ಮನುಷ್ಯನಿಗಾಗಿ ಕಾನೂನು ಇಷ್ಟು ಎಚ್ಚರ ವಹಿಸಿದೆ. ನಮ್ಮ ಮಾತ್ರೆಯ ಮೇಲೆ “ನಾಯಿಗೆ ಕೊಡಬೇಡಿ” ಎಂಬ ಬರಹವಿಲ್ಲ. ಇದ್ದಿದ್ದರೂ ನಾಯಿಗೆ ಓದು ಬಾರದು. ಆ ಬರಹದ ಸ್ಥಾನದಲ್ಲಿ ನಿಲ್ಲಬೇಕಾದವರು ಮನೆಯವರೇ.

ಕಪಾಟಿನ ಎತ್ತರ

ನಿಲ್ಲುವುದೆಂದರೆ ದೊಡ್ಡ ಸಾಹಸವೇನಲ್ಲ. ಔಷಧವನ್ನು ದಿಂಬಿನ ಬದಿ, ಊಟದ ಮೇಜು, ಹೆಗಲಚೀಲಗಳಲ್ಲಿ ಇಡದೆ ಎತ್ತರದ, ಬಾಗಿಲಿರುವ ಕಪಾಟಿನಲ್ಲಿಡಬೇಕು. ವಾರದ ಏಳು ದಿನಗಳಿಗೆ ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಯು ಹಿರಿಯರಿಗೆ ಅನುಕೂಲವಾದರೂ ನಾಯಿಗೆ ಅದು ಗಲಗಲ ಶಬ್ದ ಮಾಡುವ ಆಟಿಕೆ. ಒಮ್ಮೆ ಒಡೆದರೆ ಐದಾರು ಬಗೆಯ ಔಷಧಗಳು ಒಟ್ಟಿಗೆ ಹೊಟ್ಟೆ ಸೇರುತ್ತವೆ. ಕೈಜಾರಿ ಬಿದ್ದ ಮಾತ್ರೆಯನ್ನು “ಗುಡಿಸುವಾಗ ಸಿಕ್ಕೀತು” ಎಂದು ಬಿಡದೆ ಆ ಕ್ಷಣವೇ ಹುಡುಕಬೇಕು. ಮಂಡಿಗೆ ನೋವಿನ ಮುಲಾಮು ಹಚ್ಚಿಕೊಂಡವರು ನಾಯಿಗೆ ಕಾಲು ನೆಕ್ಕಗೊಡಬಾರದು.

ಅವಧಿ ಮೀರಿದ ಮಾತ್ರೆಗಳನ್ನು ತಿಪ್ಪೆಗೋ ರಸ್ತೆಯ ಬದಿಗೋ ಎಸೆಯುವುದೂ ತಪ್ಪು. ನಮ್ಮ ನಾಯಿ ತಪ್ಪಿಸಿಕೊಂಡರೂ ಬೀದಿಯ ನಾಯಿ ತಿಂದೀತು. ಅವುಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಡಿಕಾಕ್ಷನ್ ಇಳಿಸಿ ಉಳಿದ ಕಾಫಿಪುಡಿಯಲ್ಲೋ ಮಣ್ಣಿನಲ್ಲೋ ಬೆರೆಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಬೇಕು. ಈ ಎಚ್ಚರಗಳಿಂದ ರಕ್ಷಿತವಾಗುವುದು ನಾಯಿಯೊಂದೇ ಅಲ್ಲ. ಅದೇ ನೆಲದ ಮೇಲೆ ಅಂಬೆಗಾಲಿಟ್ಟು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮೊಮ್ಮಗುವೂ ಹೌದು.

ಕನ್ನಡಿಗರಿಗೆ ನಾಯಿಯ ಮೇಲಿನ ಅಭಿಮಾನ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿನ ಶಾಸನವೊಂದು ದೊರೆತಿದೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ, ಅದನ್ನು ಬಹುಮಾನವಾಗಿ ಬೇಡಿ ಪಡೆದಿದ್ದ ಮಣಲೇರನೆಂಬ ವೀರನು ಕಲ್ಲು ನಿಲ್ಲಿಸಿದನೆಂದು ಅದು ಹೇಳುತ್ತದೆ. ಆ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ನಮ್ಮ ಮನೆಯ ನಾಯಿಗೆ ಕಲ್ಲು ಬೇಕಾಗಿಲ್ಲ. ಎಣಿಸಿ ಬರೆದ ಒಂದು ಚೀಟಿ, ವೈದ್ಯರ ದೂರವಾಣಿ ಸಂಖ್ಯೆ, ಎತ್ತರದ ಒಂದು ಕಪಾಟು ಇವಿಷ್ಟಿದ್ದರೆ ಸಾಕು. ಇವು ಮೂರನ್ನೂ ಈ ಸಂಜೆಯೇ ಸಿದ್ಧಪಡಿಸಿಕೊಳ್ಳಬಹುದು.